ನೀಲಿಯೋ ಕೆಂಪೋ ಹೇಳದ ಕಾಕಾ

ಕಾಕಾನ ಬಲಗೈ ತೋರುಬೆರಳು ಅರ್ಧಕ್ಕೇ ಮುಗಿದುಹೋಗಿತ್ತು. ಮರಾಠಿ ನಾಡಿನ ಭೋಸರಿಯಲ್ಲಿ, ಕಾರ್ಖಾನೆಯೊಂದರ ತಗಡು ಒತ್ತುವ ಪ್ರೆಸ್ ಮಷೀನು ಅದನ್ನು ತಿಂದಿತ್ತು. ಆ ಕೆಲಸ ಬಿಟ್ಟ ಮೇಲೆ ನಮ್ಮ ಓಣಿಯಲ್ಲೇ ಕಂಪ್ಯೂಟರ್ ಜೋಡಿಸುವ ಅಂಗಡಿ ಇಟ್ಟರು. ಉಳಿದ ಬೆರಳುಗಳಲ್ಲೇ ಪ್ರೊಸೆಸರಿನ ಅಂಚು ಹಿಡಿದು, ಹಸುಗೂಸನ್ನು ತೊಟ್ಟಿಲಿಗೆ ಹಾಕುವ ಹಾಗೆ ಬೋರ್ಡಿನ ಮೇಲೆ ಇಡುತ್ತಿದ್ದರು. ವಿಜಯಪುರದ ಕಡೆಯವರು, ಭೋಸರಿಯ ಕನ್ನಡ ಮಂದಿಗೆಲ್ಲ ಅವರು ಕಾಕಾ.

ಗೇಮಿಂಗ್ ಕಂಪ್ಯೂಟರ್ ಕಟ್ಟಿಸುವವರ ಮೊದಲ ಜಗಳವೇ ಪ್ರೊಸೆಸರಿನದು. ಪೈಪೋಟಿಗೆ ಬಿದ್ದ ಎರಡು ಕಂಪನಿಗಳನ್ನು ನಾವು ನೀಲಿ, ಕೆಂಪು ಎಂದೇ ಕರೆಯುತ್ತಿದ್ದೆವು. ಯಾವುದು ಛಲೋ ಎಂದು ಯಾರು ಕೇಳಿದರೂ ಕಾಕಾ ಬಾಯಿ ಬಿಡುತ್ತಿರಲಿಲ್ಲ. ಮೇಜಿನ ಮೇಲೆ ಎರಡೂ ಬಗೆಯ ಮಷೀನು ಇಟ್ಟು, ಗುರುತು ಸಿಗದಂತೆ ಮರಾಠಿ ಪೇಪರಿನ ಮುಸುಕು ಹಾಕಿದ್ದರು. "ಎರಡರ ಮ್ಯಾಲೂ ಆಡು. ಕೈಗೆ ಯಾವುದು ಒಗ್ಗತದೋ ಅದನ್ನ ತಗೋ" ಎನ್ನುವುದು ಅವರ ನೇಮ.

ನಾನು ಕಾಲೇಜಿನ ಗೇಮಿಂಗ್ ತಂಡದಲ್ಲಿ ಆಡುತ್ತಿದ್ದೆ, ಐವರಲ್ಲಿ ಒಬ್ಬಳೇ ಹುಡುಗಿ. ಭಾನುವಾರ ಪಂದ್ಯವಿತ್ತು. ಪ್ರೆಸ್ ಮಷೀನಿನ ಮೇಲೆಯೇ ದುಡಿಯುವ ಅಪ್ಪ ಕಂಪ್ಯೂಟರಿಗೆ ಒಪ್ಪಿದ್ದೇ ಹೆಚ್ಚು. ನಾನದನ್ನು ಕೆಡಿಸಿದ ದಿನವೇ ಆಟ ಬಂದ್ ಎಂದಿದ್ದ. ನೀಲಿಯೇ ಮೇಲು ಎಂದು ತಂಡದವರ ಮುಂದೆ ಕೊಚ್ಚಿಕೊಂಡಿದ್ದ ನಾನು ಎರಡರ ಮೇಲೂ ಆಡಿ, ಬಲಗಡೆಯದು ಎಂದೆ. ಪೇಪರ್ ಸರಿಸಿದರೆ ಕೆಂಪು! ಹುಡುಗರು ಬಿದ್ದು ಬಿದ್ದು ನಕ್ಕರು. ಸಿಟ್ಟು ನನಗೆ ಮೊದಲೇ ಮೂಗಿನ ತುದಿಯಲ್ಲಿ. ನೀಲಿಯನ್ನೇ ಕೊಡಿ, ಜೋಡಿಸುವುದೂ ನನಗೆ ಬರುತ್ತದೆ ಎಂದುಬಿಟ್ಟೆ. ಕಾಕಾ ವಾದಿಸಲಿಲ್ಲ. ಸಾವಕಾಶ ಮಾಡು ಮಗಳ ಎಂದಷ್ಟೇ ಹೇಳಿ ಡಬ್ಬಿಗಳನ್ನು ಕಟ್ಟಿಕೊಟ್ಟರು.

ಸಾವಕಾಶ ಎಲ್ಲಿಂದ ಬರಬೇಕು! ಶನಿವಾರ ಮಧ್ಯಾಹ್ನ ಪ್ರೊಸೆಸರ್ ಕೈಜಾರಿ ಬೋರ್ಡಿನ ಪಿನ್ನುಗಳ ಮೇಲೆ ಬಿತ್ತು. ಕೂದಲೆಳೆಯಂಥ ಪಿನ್ನುಗಳು, ಒಂದು ಸಾಲಿಗೆ ಸಾಲೇ ಮಲಗಿಬಿಟ್ಟಿತು. ಬೋರ್ಡನ್ನು ಎದೆಗೆ ಅವಚಿಕೊಂಡು ಅಂಗಡಿಗೆ ಓಡಿದೆ. ಕಾಕಾ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು, ಸೂಜಿಯಿಂದ ಒಂದೊಂದೇ ಪಿನ್ನು ಎತ್ತಿದರು. ಅವರ ಕೈ ಒಂದಿಷ್ಟೂ ಅಲುಗಲಿಲ್ಲ. ಆದರೆ ಎರಡು ಪಿನ್ನು ಬುಡಕ್ಕೇ ಮುರಿದಿದ್ದವು, ಬೋರ್ಡು ಸತ್ತಿತ್ತು.

ಅಷ್ಟರಲ್ಲಿ ಪಾಳಿ ಮುಗಿಸಿದ ಅಪ್ಪ ಬಾಗಿಲಿಗೆ ಬಂದ. ಬೋರ್ಡು ನೋಡಿ, ಯಾರು ಕೆಡಿಸಿದ್ದು ಎಂದು ಕೇಳಿದ. ಕಾಕಾ ನನ್ನ ಕಡೆ ಒಮ್ಮೆ ನೋಡಿದರು.

"ನಂದೇ ತಪ್ಪರಿ. ಕೂಡಿಸುಮುಂದ ಕೈ ನಡುಗ್ತು. ಬ್ಯಾರೇ ಬೋರ್ಡ್ ಹಾಕಿ ಕೊಡ್ತೀನಿ."

ಕೊಟ್ಟರು. ಭಾನುವಾರ ನಾವು ಗೆದ್ದೆವು.

ಅಪ್ಪ ಕೆಟ್ಟವನಲ್ಲ. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮರುಕದಿಂದಲೇ ಹೇಳಿದ, ಪಾಪ, ಕಾಕಾನ ಕೈ ಈಗ ನಡುಗತಾವ ಎಂದು. ಮಾತು ಭೋಸರಿಯೆಲ್ಲ ಸುತ್ತಿತು. ನಾಜೂಕು ಕೆಲಸ ತರುವವರು ಕಡಿಮೆಯಾದರು. ಒಂದು ವರ್ಷದಲ್ಲಿ ಅಂಗಡಿಯಲ್ಲಿ ಚಾರ್ಜರು, ಇಯರ್‌ಫೋನುಗಳಷ್ಟೇ ಉಳಿದವು. ದಿನಾ ಅದರ ಮುಂದೆಯೇ ಕಾಲೇಜಿಗೆ ಹೋಗುತ್ತಿದ್ದೆ. ನಾಳೆ ಹೇಳುತ್ತೇನೆ, ನಾಡಿದ್ದು ಹೇಳುತ್ತೇನೆ ಎಂದುಕೊಂಡೇ ಹೋದೆ. ಹೇಡಿ ನಾನು. ನನ್ನನ್ನು ಕಂಡಾಗಲೆಲ್ಲ ಅವರು ಯಾವ ಆಟ ಗೆದ್ದೆ ಎಂದು ಕೇಳುತ್ತಿದ್ದರು.

ಈ ಬೇಸಿಗೆಯಲ್ಲಿ ಎದೆನೋವು ಬಂದು ಕಾಕಾ ಹೋಗಿಬಿಟ್ಟರು. ಅಪ್ಪನ ಜೊತೆ ಅವರ ಮನೆಗೆ ಮಾತನಾಡಿಸಲು ಹೋದೆ. ಅವರ ಹೆಂಡತಿ ಕಾಕೂ ಅಳುತ್ತಾ ಹೇಳಿದರು, ನಡುಗುವ ಕೈಯನ್ನು ಡಾಕ್ಟರಿಗೆ ತೋರಿಸಿರಿ ಎಂದು ಎಷ್ಟು ಬಡಕೊಂಡರೂ ನಕ್ಕು ಸುಮ್ಮನಾಗುತ್ತಿದ್ದರಂತೆ. ಹೆಂಡತಿಗೂ ನಿಜ ಹೇಳಿರಲಿಲ್ಲ.

"ಕಾಕೂ, ಬೋರ್ಡ್ ಕೆಡಿಸಿದಾಕಿ ನಾನು. ಅವರ ಕೈ ನಡುಗಿರಲಿಲ್ಲ" ಎಂದೆ.

ಅಪ್ಪ ತಲೆ ತಗ್ಗಿಸಿದ. ಕಾಕೂ ನನ್ನನ್ನು ಬೈಯಲಿಲ್ಲ. ಸೆರಗಿನಿಂದ ಕಣ್ಣು ಒರೆಸಿಕೊಂಡು ಒಂದೇ ಮಾತು ಕೇಳಿದರು.

"ಹಂಗಾದ್ರ ಅವರ ಕೈಗೆ ಏನೂ ಆಗಿರಲಿಲ್ಲೇನು?"

"ಇಲ್ಲ" ಅಂದೆ.