ಒಂದು ಸಂಪಿನ ನಲವತ್ತು ಉತ್ತರ

ಜಯನಗರದ ಒಂದು ಸಣ್ಣ ಸಮೀಕ್ಷಾ ಕಚೇರಿಯಲ್ಲಿ ಅಂಕಿಅಂಶ ನೋಡುತ್ತಿದ್ದವಳು ನಾನು. ವರದಿಯ ಮೇಲಿನ ಹೆಸರು ಮಾತ್ರ ನಮ್ಮ ಮುಖ್ಯಸ್ಥನದು. ಎದುರಿಗೆ 'ಸಾರ್' ಎನ್ನುತ್ತಿದ್ದೆ. ಮನಸ್ಸಿನಲ್ಲಿ ಇವತ್ತಿಗೂ ಏಕವಚನವೇ.

ಕತ್ರಿಗುಪ್ಪೆಯ ವಠಾರಗಳಿಗೆ ಒಂದು ಟ್ರಸ್ಟ್ ಪುಕ್ಕಟೆ ಟ್ಯಾಂಕರ್ ಕಳಿಸುತ್ತಿತ್ತು. ಇನ್ನೂ ಕಳಿಸಬೇಕೇ ಎಂದು ತಿಳಿಯಲು ಅವರು ನಮ್ಮಿಂದ ಎರಡು ವರ್ಷ ಸಮೀಕ್ಷೆ ಮಾಡಿಸಿದರು. ನಲ್ಲಿಯಲ್ಲಿ ನೀರು ದಿನಾ ಬರುತ್ತದೋ, ದಿನ ಬಿಟ್ಟು ದಿನವೋ, ಬರುವುದೇ ಇಲ್ಲವೋ? ಮೊದಲ ವರ್ಷ ನಮ್ಮವರು ವಠಾರಗಳನ್ನೆಲ್ಲ ಸುತ್ತಿದರು. ಎರಡನೇ ವರ್ಷ ಅರ್ಧ ವಠಾರ ಸುತ್ತುವಷ್ಟರಲ್ಲೇ ಬಿಸಿಲಿಗೆ ಸೋತು, ಉಳಿದ ಮನೆಗಳ ಬದಲಿಗೆ ಹತ್ತಿರದ ಚಿಕ್ಕಲಸಂದ್ರದಲ್ಲಿ ಲಿಫ್ಟ್ ಇರುವ ಒಂದೇ ಅಪಾರ್ಟ್‌ಮೆಂಟಿನ ನಲವತ್ತು ಬಾಗಿಲು ತಟ್ಟಿ ಕೈತೊಳೆದುಕೊಂಡರು. ನಲವತ್ತೂ 'ದಿನಾ'. ಇನ್ನೇನು ಹೇಳುತ್ತಾರೆ? ಒಂದೇ ಬೋರ್‌ವೆಲ್, ಒಂದೇ ಸಂಪು. ಒಬ್ಬರನ್ನು ಕೇಳಿದರೂ ಅಷ್ಟೇ, ನಲವತ್ತು ಜನರನ್ನು ಕೇಳಿದರೂ ಅಷ್ಟೇ. ಎರಡೂ ವರ್ಷ ಉತ್ತರ ಕೊಟ್ಟ ಮನೆಗಳನ್ನಷ್ಟೇ ಜೋಡಿಸಿ ನೋಡಿದೆ. ಒಂದಾದರೂ 'ದಿನಾ' ಕಡೆಗೆ ಸರಿದಿರಲಿಲ್ಲ.

ಇದನ್ನು ಹೇಳಿದ್ದಕ್ಕೆ ಮುಖ್ಯಸ್ಥ ಎಲ್ಲರೆದುರು ನಕ್ಕ. "ನಲವತ್ ಮನೆ ಅಂದ್ರೆ ನಲವತ್ತೇ ಮೇಡಂ. ಹೋಗಿ ಪಿಯುಸಿ ಇನ್ನೊಂದ್ಸಲ ಓದ್ಕೊಂಡ್ ಬನ್ನಿ."

ಮೈ ಉರಿದುಹೋಯಿತು. ನೀರು ಸುಧಾರಿಸಿದೆ ಎಂದು ಅವನು ವರದಿ ಕಳಿಸಿದ; ಎರಡೇ ದಿನಕ್ಕೆ ಟ್ಯಾಂಕರ್ ನಿಂತಿತು. ಟ್ರಸ್ಟಿಗೆ ನಾನೊಂದು ಫೋನ್ ಮಾಡಿದ್ದರೆ ಸಾಕಿತ್ತು. ಮಾಡಲಿಲ್ಲ. ಟ್ರಸ್ಟಿನವರೆಲ್ಲ ಸೇರುವ ಸಭೆಗೆ ಇನ್ನೂ ಮೂರು ವಾರವಿತ್ತು. ಅವನ ಮಾನ ಅಲ್ಲೇ ಹೋಗಬೇಕು, ತುಂಬಿದ ಸಭೆಯಲ್ಲಿ, ನನ್ನ ಬಾಯಿಂದಲೇ.

ಆ ದಿನ ಕೈ ಎತ್ತಿದೆ. "ಸಾರ್, ಹೋದ್ ವರ್ಷ ಕೇಳಿದ್ ಮನೆಗಳಲ್ಲಿ ಈ ವರ್ಷ ಯಾವ್ದಕ್ಕೆ ನೀರು ಜಾಸ್ತಿ ಬಂದಿದೆ? ಒಂದೇ ಒಂದ್ ಮನೆ ತೋರ್ಸಿ."

ಅವನು ಹಾಳೆ ತಿರುವಿದ, ಮತ್ತೆ ತಿರುವಿದ, ಬೆವರಿದ. ನಾನು ಆ ನಲವತ್ತು ವಿಳಾಸಗಳನ್ನು ನಿಧಾನವಾಗಿ ಓದತೊಡಗಿದೆ. ಎಲ್ಲದಕ್ಕೂ ಅದೇ ಗೇಟು. ಹತ್ತನೆಯದಕ್ಕೆ ಯಾರೋ ಕಿಸಕ್ಕನೆ ನಕ್ಕರು. ನಾನು ನಲವತ್ತನ್ನೂ ಓದಿಯೇ ನಿಲ್ಲಿಸಿದೆ. ಅಂಥ ಹಿತ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಮರುದಿನವೇ ಟ್ಯಾಂಕರ್ ಹೊರಟಿತು. ಹಿಗ್ಗಿನಲ್ಲಿ ನಾನೂ ವಠಾರಕ್ಕೆ ಹೋಗಿ, ವರದಿಯ ತಪ್ಪು ಹಿಡಿದದ್ದು ನಾನೇ ಎಂದು ಹೇಳಿಕೊಂಡೆ. ಮನೆಯಲ್ಲಿ ಬಾಣಂತಿ ಮಗಳನ್ನಿಟ್ಟುಕೊಂಡು ಮೂರು ವಾರ ಎರಡು ರಸ್ತೆಯಾಚೆಯಿಂದ ಬಿಂದಿಗೆ ಹೊತ್ತ ಹೆಂಗಸೊಬ್ಬಳು ಕೇಳಿದಳು: "ವರದಿ ತಪ್ಪು ಅಂತ ನಿಮ್ಗೆ ಯಾವಾಗ ಗೊತ್ತಾಯ್ತಕ್ಕಾ?"

"ನಿನ್ನೆ, ಸಭೇಲಿ" ಎಂದೆ.

ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು. "ನಿಮ್ ಹೊಟ್ಟೆ ತಣ್ಣಗಿರ್ಲಿ."