ಭಂಡಾರ ಮುಟ್ಟದ ಡಾಕ್ಟರಬಾಯಿ

ನನಗೆ ಹಿಡಿದ ಕೆಮ್ಮು ಬಿಡುತ್ತಿಲ್ಲ. ಮೊನ್ನೆ ಮುಧೋಳದ ಬೀಗರು ಒಂದು ಬಾಟಲಿ ಔಷಧ ತಂದುಕೊಟ್ಟರು. ಮುಚ್ಚಳ ತೆಗೆದರೆ ಅಜವಾನದ ಘಾಟು ಮೂಗಿಗೆ ಬಡಿಯಿತು. "ಒಂದ ಬಾಟ್ಲಿ ಕುಡೀರಿ, ಆರಾಮ ಆಗದಿದ್ರ ನನ್ನ ಹೆಸರ ಬದಲಿ ಮಾಡ್ರಿ. ಬೀರಪ್ಪನ ಆಣಿ!" ಎಂದರು. ಆಣೆಯ ಮಾತು ಕೇಳಿದ್ದೇ ತಡ, ಚಿಮ್ಮಡದ ನನ್ನ ಸೋದರಮಾವ ನೆನಪಾದ.

ನಾನು ಸಂಶಯದ ಪ್ರಾಣಿ, ಮೊದಲೇ ಹೇಳಿಬಿಡುತ್ತೇನೆ. ಬನಹಟ್ಟಿಯಲ್ಲಿ ನನ್ನದು ಸೀರೆ ಅಂಗಡಿ. ನೇಕಾರ ಎಷ್ಟೇ ಹಳೆಯ ಪರಿಚಯದವನಿರಲಿ, ಬಣ್ಣ ಬಿಡುತ್ತದೇನೋ ಎಂದು ಸೆರಗಿಗೆ ಉಗುಳು ಹಚ್ಚಿ ಉಜ್ಜಿ ನೋಡದೆ ಸೀರೆ ಒಳಗಿಡುವವನಲ್ಲ. ಹೆಂಡತಿ ಕೊಟ್ಟ ಚಹಾವನ್ನೂ ಮೂಸಿ ಕುಡಿಯುತ್ತೇನೆಂದು ಮನೆಯಲ್ಲಿ ಆಡಿಕೊಳ್ಳುತ್ತಾರೆ. ಅದು ಸುಳ್ಳು, ಯಾವಾಗಲೋ ಒಮ್ಮೆ ಮೂಸಿದ್ದುಂಟು.

ಮಾವ ನನಗಿಂತ ಒಂದು ಕೈ ಮೇಲು. ಕುರಿ ಕಾಯ್ದ ಮನುಷ್ಯ. ಊರಲ್ಲಿ ಕುರಿ ಕಳುವಾದರೆ, ಬದುವಿನ ಜಗಳವಾದರೆ, ಬೀರಪ್ಪನ ಗುಡಿಕಟ್ಟೆಯ ಮೇಲೆ ಕೂತು ನ್ಯಾಯ ಹೇಳುತ್ತಿದ್ದ. ಸೊಂಟದ ಚೀಲದಲ್ಲಿ ಸದಾ ಭಂಡಾರ, ಅಂದರೆ ದೇವರ ಅರಿಶಿನಪುಡಿ. "ಮುಟ್ಟಿ ಹೇಳಲೇ" ಎಂದು ಆಣೆಗಾಗಿ ಅದನ್ನು ಮುಂದೆ ಹಿಡಿದು, ಎದುರಿನವನ ಮುಖವನ್ನೇ ನೋಡುತ್ತ ಕೂರುತ್ತಿದ್ದ.

ಅಂಥ ಮಾವ ಕೆಮ್ಮತೊಡಗಿದಾಗ ಎಲ್ಲರೂ ಟಿ.ಬಿ. ಎಂದರು. ಗುಳಿಗೆ ನುಂಗಿ ನುಂಗಿ ಮನುಷ್ಯ ಕಡ್ಡಿಯಾದ. ಜಮಖಂಡಿಗೆ ತಿಂಗಳಿಗೊಮ್ಮೆ ಬರುತ್ತಿದ್ದ ಡಾಕ್ಟರಬಾಯಿ ಮಾತ್ರ ಎಕ್ಸ್‌ರೇ ಬೆಳಕಿಗೆ ಹಿಡಿದು, "ಇದರ ಮ್ಯಾಲ ನನಗ ಸಂಶೆ ಐತ್ರಿ" ಎಂದರು. ಎದೆಯೊಳಗಿನ ತುಣುಕು ತೆಗೆಸಿ ಪರೀಕ್ಷೆ ಮಾಡಿಸಿದರೆ, ಶ್ವಾಸಕೋಶದ ಕ್ಯಾನ್ಸರ್. ಅವರು ದೊಡ್ಡ ಊರಿನ ಆಸ್ಪತ್ರೆಯಲ್ಲಿ ಅದೇ ರೋಗದ ಮೇಲೆ ಸಂಶೋಧನೆ ಮಾಡುವವರಂತೆ. ಸಂಶೋಧನೆ ಎಂದ ಕೂಡಲೇ ನನ್ನ ಕಿವಿ ನಿಮಿರಿತು.

"ಚಾಲ್ತಿ ಔಷಧ ಎಲ್ಲಾರಿಗೂ ಕೊಡತೇವ್ರಿ, ನಿಮಗೂ ಕೊಡತೇವಿ" ಎಂದರು ಮಾವನಿಗೆ. "ನೀವು ಹೂಂ ಅಂದ್ರ ಅದರ ಜೋಡಿ ಇನ್ನೊಂದ ಗುಳಗಿ. ಅರ್ಧಾ ಮಂದಿ ಗುಳಗ್ಯಾಗ ಹೊಸಾ ಔಷಧ ಇರತೈತಿ, ಉಳದವರದು ಔಷಧ ಇಲ್ಲದ ಬರೇ ಗುಳಗಿ. ಗುಣ ಐತೋ ಇಲ್ಲೋ ಅಂತ ಹಿಂಗ ನೋಡಬೇಕಾಕೈತಿ."

ನಾನು ಎದ್ದು ನಿಂತೆ. "ಮಾವಾ, ನಡಿ. ನಿನ್ನನ್ನ ಪ್ರಯೋಗದ ಇಲಿ ಮಾಡಾಕತ್ತಾರ."

ಮಾವ ಏಳಲಿಲ್ಲ. ಸೊಂಟದಿಂದ ಚೀಲ ಬಿಚ್ಚಿ ಮೇಜಿನ ಮೇಲಿಟ್ಟ. "ತಂಗಿ, ನನ್ನ ಗುಳಗ್ಯಾಗ ಔಷಧ ಐತಿ ಅಂತ ಇದನ್ನ ಮುಟ್ಟಿ ಹೇಳ. ನುಂಗತೇನಿ."

ಅವರು ಕೈ ಚಾಚಲಿಲ್ಲ. "ನನಗ ಗೊತ್ತಿಲ್ರೀ ಅಜ್ಜಾರ. ಯಾರದರಾಗ ಐತಿ ಅನ್ನೂದು ಮುಗಿಯೂತನಕ ನನಗೂ ತಿಳಸೂದಿಲ್ಲ. ತಿಳದ್ರ ನನ್ನ ಕಣ್ಣ ತಮಗ ಬೇಕಾದ್ದನ್ನ ನೋಡತಾವ. ನನ್ನ ಮ್ಯಾಲ ನನಗ ಸಂಶೆ."

ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಹೊರಗೆ ಬಂದೊಡನೆ, "ನೋಡಿದ್ಯಾ, ಮುಟ್ಟಲಿಲ್ಲ!" ಎಂದು ಹಾರಾಡಿದೆ. ಮಾವ ಕೆಮ್ಮುತ್ತಲೇ ನಕ್ಕ. "ಹುಚ್ಚಪ್ಯಾಲಿ! ಕಟ್ಟಿ ಮ್ಯಾಲ ಕುಂತ ಜಲ್ಮೆಲ್ಲಾ ನೋಡೇನಿ. ಕುರಿ ಕದ್ದಾಂವ ಎಲ್ಲಾರಕಿಂತ ಮೊದಲ ಭಂಡಾರ ಮುಟ್ಟತಾನ. ಗೊತ್ತಿಲ್ಲ ಅನ್ನಾಕ ಧೈರ್ಯ ಬೇಕಲೇ."

ಗುಳಿಗೆ ಶುರುವಾಯಿತು. ಕಂಬಳಿಯಲ್ಲಿ ಕೂತು ಉಣ್ಣುತ್ತ ಕೂದಲು ಹುಡುಕುವ ನನ್ನ ಚಾಳಿ ಎಲ್ಲಿಗೆ ಹೋದೀತು? ಮಾವನ ಕಣ್ಣು ತಪ್ಪಿಸಿ ಗುಳಿಗೆಯೊಂದನ್ನು ನಾಲಿಗೆಗೆ ಹಚ್ಚಿ ನೋಡಿದೆ, ಕಹಿಯಾಗಿತ್ತು. ಕಹಿ ಇದ್ದಮೇಲೆ ಔಷಧ ಇದ್ದೇ ಇದೆ ಎಂದು ಅತ್ತೆಗೆ ಸಾರಿದೆ. ಮಾವ ಮುಂದಿನ ಉಣ್ಣೆ ಕತ್ತರಿಸುವ ಕಾಲದವರೆಗೆ ಬಾಳಿದ. ಆಮೇಲೆ ಹೋದ. ಅತ್ತೆಗಿಂತ ನಾನೇ ಹೆಚ್ಚು ಅತ್ತೆನೆಂದು ಊರವರು ಇಂದಿಗೂ ಹೇಳುತ್ತಾರೆ.

ಎಷ್ಟೋ ದಿನದ ಮೇಲೆ, ನಾನು ಚಿಮ್ಮಡದಲ್ಲಿದ್ದಾಗಲೇ, ಡಾಕ್ಟರಬಾಯಿ ಅಂಗಳಕ್ಕೆ ಬಂದರು. ಅತ್ತೆಯೆದುರು ಕೂತು, "ಸಂಶೋಧನೆ ಮುಗೀತ್ರಿ. ಅಜ್ಜಾರ ಗುಳಗ್ಯಾಗ ಹೊಸಾ ಔಷಧ ಇದ್ದಿಲ್ಲ" ಎಂದರು. ಅದನ್ನೂ ಮುಚ್ಚಿಡದೆ, "ಇದ್ದವರು ಒಂದಿಷ್ಟ ಜಾಸ್ತಿ ಬಾಳ್ಯಾರ್ರಿ" ಎಂದರು.

ನನ್ನ ಸಿಟ್ಟು ನೆತ್ತಿಗೇರಿತು. "ಮಾವಗ ಮೋಸ ಆತಲ್ರೀ!"

"ಬೈಬೇಕನಸಿದ್ರ ಬೈರಿ" ಎಂದು ತಲೆ ತಗ್ಗಿಸಿದರು.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಇದನ್ನ ಹೇಳಾಕಂತನ ಇಷ್ಟ ದೂರ ಬಂದ್ಯಾ ತಂಗಿ? ಏಳ, ರೊಟ್ಟಿ ತಿಂದ ಹೋಗ."

ಅವರು ಉಂಡರು. ನಾನು ಜೊತೆಗೆ ಕೂರಲಿಲ್ಲ. ಬಸ್ಸು ಹಿಡಿದು ಊರಿಗೆ ಬಂದೆ. ದಾರಿಯಲ್ಲಿ ಒಂದು ಮಾತು ಕೊರೆಯತೊಡಗಿತು: ಡಾಕ್ಟರಬಾಯಿ ತಾವಾಗಿ ಹೇಳದೇ ಇದ್ದಿದ್ದರೆ ನಮ್ಮಲ್ಲಿ ಯಾರು ಹೋಗಿ ಕೇಳುತ್ತಿದ್ದರು?

ಈ ಕೆಮ್ಮಿಗೆಂದು ನಿನ್ನೆ ಹೆಂಡತಿಯನ್ನು ಕರೆದುಕೊಂಡು ಜಮಖಂಡಿಗೆ ಹೋದೆ. ಡಾಕ್ಟರಬಾಯಿಯ ತಲೆ ಅರ್ಧ ಬೆಳ್ಳಗಾಗಿದೆ. ನನ್ನ ಎಕ್ಸ್‌ರೇ ಬಹಳ ಹೊತ್ತು ನೋಡಿ, "ಒಂದ ಕಲೆ ಕಾಣತೈತ್ರಿ. ಏನಂತ ನನಗ ಇನ್ನೂ ಗೊತ್ತಿಲ್ಲ" ಎಂದರು.

ಹೆಂಡತಿ ಕೈಮುಗಿದಳು. "ಏನೂ ಇಲ್ಲಂತ ಒಂದ ಮಾತ ಹೇಳ್ರಿ ಬಾಯಾರ."

"ಸುಮ್ನಿರ" ಎಂದು ನಾನೇ ಅವಳ ಕೈ ಹಿಡಿದೆ. "ಗೊತ್ತಾದ ದಿನ ಹೇಳತಾರ."

ಹೆದರಿಕೆ ಇತ್ತು, ಖರೆ. ಅವರ ಮಾತಿನ ಮೇಲೆ ಸಂಶಯ ಇರಲಿಲ್ಲ.