ಕೊನೆಯವರು ಗೆರೆ ದಾಟುವ ತನಕ
ಸ್ಕೇಟಿಂಗ್ ಪಂದ್ಯಗಳ ವೀಕ್ಷಕ ವಿವರಣೆ ಬಿಟ್ಟು ಭಾಷಣಕಾರರಾದ ಗಾಂಗ್‌ನುಂಗ್ ಊರಿನ ಪ್ಯೊ ದಾಲ್ಸು ಅವರಿಗೆ ಮೈಕು ಬೇಕಿಲ್ಲ. ಬಾಯಿ ತೆರೆದರೆ ಪಕ್ಕದ ಕಟ್ಟಡದವರಿಗೂ ಹುರುಪು ಬರುತ್ತದೆ. ಬ್ಯಾಂಕಿನವರಿಗೂ ಮೀನುಗಾರರಿಗೂ ಅವರ ಉಪದೇಶ ಒಂದೇ: "ತಂಡದ ಸ್ಕೇಟಿಂಗ್‌ನಲ್ಲಿ ಮೊದಲು ಬಂದವನ ಸಮಯ ಯಾರಿಗ್ರೀ ಬೇಕು? ಕೊನೆಯವನು ಗೆರೆ ದಾಟಿದ್ರೇನೇ ತಂಡ ಗೆದ್ದಂಗೆ!" ಹೋಟೆಲಿನಲ್ಲಿ ಸಾರು ಬಂದರೂ "ಬಂತು ಬಂತು, ತಿರುವಿನಲ್ಲಿ ಮೂಲಂಗಿ ಉಪ್ಪಿನಕಾಯಿಯನ್ನ ಹಿಂದೆ ಹಾಕ್ತು!" ಎಂದು ವೀಕ್ಷಕ ವಿವರಣೆ ಕೊಡುತ್ತಾರೆ. ಮನೆಯಲ್ಲಿ, ಪಾರ್ಶ್ವವಾಯು ಬಡಿದ ಹೆಂಡತಿ ಮ್ಯೊಂಗ್‌ಜಾ ಗೋಡೆ ಹಿಡಿದು ಊಟದ ಮೇಜಿಗೆ ಬರುವ ತನಕ ಅವರು ಚಮಚ ಮುಟ್ಟುವುದಿಲ್ಲ. ಕೂಗಿ ಕೂಗಿ ಹುರಿದುಂಬಿಸುತ್ತಾರೆ. "ಸಾಕು ಬಾಯ್ಮುಚ್ಚಿ, ಸಾರು ಆರತ್ತೆ" ಎಂದು ಆಕೆ ಗದರುತ್ತಾಳೆ. ಇವತ್ತು ಆಕೆ ಗೋಡೆಯಿಂದ ಕೈ ತೆಗೆದು, ಒಂದೊಂದೇ ಹೆಜ್ಜೆಯಿಟ್ಟು ಬಂದು ಮೇಜು ಮುಟ್ಟಿದಳು. ದಾಲ್ಸು ಎದ್ದು ಆಕೆಗೆ ಕುರ್ಚಿ ಎಳೆದುಕೊಟ್ಟರು. "ಏನ್ರೀ, ಇಷ್ಟು ದಿನ ಬಡ್ಕೊಂಡು ಈಗ ಸುಮ್ನಾಗ್ಬಿಟ್ರಲ್ಲ! ಹೇಳ್ರೀ, ಯಾರು ಗೆದ್ರು?"